ಏಳು ಜನ, ನಾಲ್ಕು ಮೀಟರು

ಎಳ್ಳಮಾವಾಸ್ಯೆ ಹತ್ತಿರ ಬಂದಿತೆಂದರೆ ನಾರಾಯಣಗೂಡದ ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಒಂದು ಲೆಕ್ಕ ಶುರುವಾಗುತ್ತಿತ್ತು. ಊರಿಗೆ ಹೋಗುವವರು ಎಷ್ಟು ಜನ? ಕಾರಿನಲ್ಲಿ ಹಿಡಿಸುವವರು ಎಷ್ಟು ಜನ? ನಮ್ಮೂರು ಇರುವುದು ಸೇಡಂ ತಾಲ್ಲೂಕಿನಲ್ಲಿ, ನೃಪತುಂಗನ ಮಾನ್ಯಖೇಟ, ಅಂದರೆ ಇಂದಿನ ಮಳಖೇಡದ ಸಮೀಪ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ ಉಂಡು ಬರದಿದ್ದರೆ ನಮಗೆ ವರ್ಷ ತುಂಬಿದಂತೆ ಅನ್ನಿಸುವುದಿಲ್ಲ. ಮನೆಯಲ್ಲಿ ನಾವು ಏಳು ಜನ: ನಾನು, ನನ್ನಾಕೆ, ನನ್ನ ತಾಯಿ, ಮಗ, ಸೊಸೆ, ಮಗಳು ಮತ್ತು ಆರು ವರ್ಷದ ಮೊಮ್ಮಗಳು. ಕಾರಿನಲ್ಲಿ ಇದ್ದದ್ದು ಐದು ಸೀಟು.

ಹಲವು ವರ್ಷ ಇದಕ್ಕೆ ನಾವು ಕಂಡುಕೊಂಡಿದ್ದ ಉಪಾಯ ಸುಲಭದ್ದು. ಐವರು ಕಾರಿನಲ್ಲಿ, ನಾನು ಮತ್ತು ಅವ್ವ ಬೆಳಿಗ್ಗೆಯೇ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸಿನಲ್ಲಿ. ಆದರೆ ಅವ್ವನಿಗೆ ಎಂಬತ್ತು ದಾಟಿ ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗಲಿಲ್ಲ. ಒಂದು ವರ್ಷ ಆಕೆಯೇ ಹೇಳಿಬಿಟ್ಟಳು: "ತಮ್ಮಾ, ನೀವೆಲ್ಲ ಹೋಗಿ ಬರ್ರಿ. ನಾ ಮನಿ ಕಾಯ್ತೀನಿ." ನನ್ನಾಕೆ ಒಪ್ಪಲಿಲ್ಲ. "ಅತ್ತೀ, ನಿಮ್ಮನ್ನ ಬಿಟ್ಟು ನಾವು ಹೊಲಕ್ಕ ಹೋದ್ರ ಊರ ಮಂದಿ ಏನಂದಾರು?" ಎಂದಳು. ಆ ವರ್ಷ ಯಾರೂ ಹೋಗಲಿಲ್ಲ.

ಅಲ್ಲಿಂದ ಮುಂದೆ ನಾನು ಕಾರುಗಳ ಬಗ್ಗೆ ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ತಿಳಿಯಿತು. ನಮ್ಮ ಮನೆಯ ಈ ಲೆಕ್ಕವನ್ನು ಫ್ರಾನ್ಸಿನ ಒಂದು ಕಂಪನಿ ಅರವತ್ತು ವರ್ಷಗಳಿಂದ ಮಾಡುತ್ತ ಬಂದಿದೆ. ಕೆಲವು ಸಲ ಗೆದ್ದಿದೆ, ಕೆಲವು ಸಲ ಸೋತಿದೆ. ಅದರ ಹೆಸರು ರೆನೋ. ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ರೆನಾಲ್ಟ್. ನಮ್ಮ ಸಂಘದ ಬಂಧುಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಗೆ ಸಂಸಾರ ಸಮೇತ ಓಡಾಡುವವರು ಬಹಳ ಜನ ಇರುವುದರಿಂದ, ಆ ಕಥೆಯನ್ನು ಇಲ್ಲಿ ಹೇಳಿದರೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹೊಲಕ್ಕೂ ಸಂತೆಗೂ ಒಂದೇ ಗಾಡಿ

ಲೂಯಿ ರೆನೋ ಎಂಬ ತರುಣ ತನ್ನ ಅಣ್ಣಂದಿರಾದ ಮಾರ್ಸೆಲ್ ಮತ್ತು ಫೆರ್ನಾನ್ ಜೊತೆ ಸೇರಿ ಪ್ಯಾರಿಸ್ಸಿನ ಪಕ್ಕದ ಬಿಯಾಂಕೂರಿನಲ್ಲಿ ಈ ಉದ್ಯಮವನ್ನು ಆರಂಭಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಎರಡನೆಯ ಮಹಾಯುದ್ಧ ಕೊನೆಗೊಳ್ಳುವ ಹೊತ್ತಿಗೆ, 1945ರಲ್ಲಿ, ಫ್ರೆಂಚ್ ಸರ್ಕಾರ ಕಂಪನಿಯನ್ನು ರಾಷ್ಟ್ರೀಕರಣ ಮಾಡಿತು. ಯುದ್ಧದಿಂದ ಬಡವಾಗಿದ್ದ ದೇಶಕ್ಕೆ ಬೇಕಾಗಿದ್ದದ್ದು ಸಣ್ಣ, ಅಗ್ಗದ ಕಾರು. 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಡ ರೆನೋ 4ಸಿವಿ ಅಂಥದ್ದು. ಅದರ ಎಂಜಿನ್ ಹಿಂಭಾಗದಲ್ಲಿತ್ತು. ಹಾಗಾಗಿ ನಾಲ್ವರು ಕೂರಬಹುದಾಗಿತ್ತು, ಆದರೆ ಗಂಟುಮೂಟೆಗೆ ಜಾಗ ಸಾಲದು.

ಈ ಕೊರತೆಯನ್ನು ತುಂಬಿದ್ದು 1961ರ ರೆನೋ 4. ಆಗಿನ ಅಧ್ಯಕ್ಷ ಪಿಯೆರ್ ಡ್ರೇಫಸ್ ಕೇಳಿದ್ದು ಜೀನ್ಸ್ ಪ್ಯಾಂಟಿನಂಥ ಕಾರು. ಹೊಲಕ್ಕೂ ಅದೇ, ಕಚೇರಿಗೂ ಅದೇ, ಭಾನುವಾರದ ತಿರುಗಾಟಕ್ಕೂ ಅದೇ. ಎಂಜಿನ್ ಮುಂದೆ, ಅದು ತಿರುಗಿಸುವುದೂ ಮುಂದಿನ ಚಕ್ರಗಳನ್ನೇ. ಹೀಗಾಗಿ ಒಳಗೆ ನೆಲ ಸಪಾಟಾಯಿತು. ಹಿಂದೆ ಅಗಲವಾದ ಐದನೆಯ ಬಾಗಿಲು ಬಂತು. ಹಿಂದಿನ ಸೀಟು ತೆಗೆದರೆ ಮೂಟೆ, ಹಾಕಿದರೆ ಮಕ್ಕಳು. ಅಂದಕ್ಕೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಹಿಂದಿನ ಚಕ್ರಗಳ ಸ್ಪ್ರಿಂಗ್ ಸರಳುಗಳನ್ನು ಒಂದರ ಹಿಂದೊಂದು ಅಡ್ಡಡ್ಡ ಇಡಬೇಕಾದ್ದರಿಂದ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಒಂದು ಬದಿಗೆ ಇನ್ನೊಂದು ಬದಿಗಿಂತ ಸುಮಾರು 5 ಸೆಂಟಿಮೀಟರ್ ಹೆಚ್ಚಾಗಿತ್ತು! ಹಾಗಿದ್ದೂ ಮೂವತ್ತು ವರ್ಷಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು.

ನಮ್ಮ ಎತ್ತಿನ ಬಂಡಿಯನ್ನು ನೆನಪಿಸಿಕೊಳ್ಳಿ. ಸುಗ್ಗಿಯಲ್ಲಿ ಜೋಳದ ಚೀಲ, ಜಾತ್ರೆಗೆ ಹೊರಟಾಗ ಮನೆಮಂದಿ. ಬಂಡಿಗೆ ಬೇರೆ ಬೇರೆ ಅವತಾರ ಇರಲಿಲ್ಲ, ಕಟ್ಟುವ ರೀತಿ ಮಾತ್ರ ಬೇರೆ. ರೆನೋ ಹಿಡಿದದ್ದು ಇದೇ ಸೂತ್ರವನ್ನು. ಗಾಡಿಯ ಗಾತ್ರ ಹೆಚ್ಚಿಸುವ ಮೊದಲು ಒಳಗಿನ ಸೀಟುಗಳನ್ನು ಸರಿಸುವ, ಮಡಚುವ, ತೆಗೆದಿಡುವ ದಾರಿ ಹುಡುಕುವುದು.

1965ರ ರೆನೋ 16 ಇದನ್ನು ಮಧ್ಯಮ ವರ್ಗದ ಕಾರಿಗೆ ತಂದಿತು. ಆ ದರ್ಜೆಯ ಕಾರೆಂದರೆ ಹಿಂದೆ ಡಿಕ್ಕಿ ಇರಲೇಬೇಕು ಎಂಬ ಕಾಲ ಅದು. ಇದರಲ್ಲಿ ಡಿಕ್ಕಿಯ ಬದಲು ಮೇಲಕ್ಕೆ ತೆರೆಯುವ ಬಾಗಿಲು, ಹಿಂದೆ ಮುಂದೆ ಸರಿಯುವ, ಮಡಚುವ ಸೀಟು. 1966ರಲ್ಲಿ ಅದು ಯೂರೋಪಿನ ವರ್ಷದ ಕಾರು ಎನಿಸಿತು.

ಮೊದಲ ತಿಂಗಳು ಒಂಬತ್ತು ಗಿರಾಕಿ

ಏಳು ಜನರ ಪ್ರಶ್ನೆಗೆ ನೇರ ಉತ್ತರ ಬಂದದ್ದು 1984ರಲ್ಲಿ. ಅದರ ಹಿಂದೆ ಒಂದು ಸ್ವಾರಸ್ಯವಿದೆ. ಮಾತ್ರಾ ಎಂಬ ಇನ್ನೊಂದು ಫ್ರೆಂಚ್ ಕಂಪನಿ ಒಂದೇ ಡಬ್ಬಿಯಂತಿರುವ, ಎತ್ತರದ ಸಂಸಾರದ ಗಾಡಿಯೊಂದನ್ನು ರೂಪಿಸಿ ಪೂಜೋ ಕಂಪನಿಯ ಮುಂದಿಟ್ಟಿತು. ಇದು ದುಬಾರಿ, ಅಪಾಯದ ಸಾಹಸ ಎಂದು ಅವರು ಕೈಬಿಟ್ಟರು. ಮಾತ್ರಾದವರು ರೆನೋ ಬಾಗಿಲು ತಟ್ಟಿದರು. ಹೀಗೆ ಹುಟ್ಟಿದ್ದು ಎಸ್ಪಾಸ್. ಉದ್ದ ಕೇವಲ 4.25 ಮೀಟರ್, ಒಳಗೆ ಏಳು ಜನರವರೆಗೆ ಕೂರಬಹುದು. ಸೀಟುಗಳನ್ನು ಒಂದೊಂದಾಗಿ ಕಿತ್ತು ಹೊರಗಿಡಬಹುದು.

ಮಾರಾಟಕ್ಕೆ ಬಂದ ಮೊದಲ ತಿಂಗಳು ಬಿಕರಿಯಾದದ್ದು ಒಂಬತ್ತೇ ಒಂಬತ್ತು ಗಾಡಿ. ಜನರಿಗೆ ಇದು ಕಾರೋ ವ್ಯಾನೋ ತಿಳಿಯಲಿಲ್ಲ. ಕೂತು ನೋಡಿದವರು ಮತ್ತೊಬ್ಬರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಕೆಲವೇ ವರ್ಷಗಳಲ್ಲಿ ಯೂರೋಪಿನ ಇತರ ಕಂಪನಿಗಳೂ ಇಂಥ ಗಾಡಿ ಮಾಡಲು ನಿಂತವು. 1996ರಲ್ಲಿ ಮೆಗಾನ್ ಕಾರಿನ ತಳಹದಿಯ ಮೇಲೆ ಸೆನಿಕ್ ಎಂಬ ಚಿಕ್ಕ ರೂಪ ಬಂತು. ಮಧ್ಯಮ ವರ್ಗದ ಕೈಗೆಟುಕುವ ಬೆಲೆಯಲ್ಲಿ ಅದೇ ಜಾಣತನ. 1997ರಲ್ಲಿ ಅದೂ ಯೂರೋಪಿನ ವರ್ಷದ ಕಾರಾಯಿತು.

ಆ ಹೊತ್ತಿಗೆ ಭಾರತದ ಬಾಗಿಲು ತೆರೆದಿತ್ತು. ಆದರೆ ಇಲ್ಲಿಗೆ ಮೊದಲು ಬಂದ ಫ್ರೆಂಚರು ಪೂಜೋದವರು. ಮುಂಬಯಿಯ ಪ್ರೀಮಿಯರ್ ಕಂಪನಿ ಜೊತೆ ಸೇರಿ 309 ಎಂಬ ಕಾರು ಮಾಡಿದರು. 1990ರ ದಶಕ ಮುಗಿಯುವ ಮೊದಲೇ ಆ ಪಾಲುದಾರಿಕೆ ಮುರಿದುಬಿತ್ತು. ರೆನೋ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು, ಬಂದದ್ದೂ ರೊಮೇನಿಯಾದ ದಾರಿಯಿಂದ.

ಲೋಗನ್ ಮತ್ತು ನಾಲ್ಕು ಮೀಟರಿನ ಗೆರೆ

1999ರಲ್ಲಿ ರೆನೋ ಎರಡು ದೊಡ್ಡ ಹೆಜ್ಜೆಗಳನ್ನಿಟ್ಟಿತು. ಜಪಾನಿನ ನಿಸ್ಸಾನ್ ಜೊತೆ ಕೈಜೋಡಿಸಿತು. ರೊಮೇನಿಯಾದ ದಾಸಿಯಾ ಕಂಪನಿಯನ್ನು ಕೊಂಡಿತು. ಅಂದಿನ ಅಧ್ಯಕ್ಷ ಲೂಯಿ ಶ್ವೈಟ್ಸರ್ ಇಟ್ಟ ಗುರಿ 5000 ಯೂರೋಗಳ ಕಾರು. 2004ರಲ್ಲಿ ತಯಾರಾದ ಆ ಕಾರೇ ಲೋಗನ್. ಅಗ್ಗ ಮಾಡಿದ್ದು ಹೇಗೆ? ಗಾಜುಗಳಿಗೆ ಹೆಚ್ಚು ಬಾಗು ಇಲ್ಲ. ಎಡ ಬಲ ಎರಡೂ ಕಡೆಗೆ ಒಂದೇ ಅಚ್ಚಿನ ಹೊರಗನ್ನಡಿ. ಆದರೆ ಜಾಗದಲ್ಲಿ ಜಿಪುಣತನ ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರು ಹೆಗಲಿಗೆ ಹೆಗಲು ತಾಕದೆ ಕೂರಬಹುದಿತ್ತು. ಡಿಕ್ಕಿ 510 ಲೀಟರ್.

ಮಹೀಂದ್ರ ಕಂಪನಿಯ ಪಾಲುದಾರಿಕೆಯಲ್ಲಿ ಈ ಲೋಗನ್ 2007ರಲ್ಲಿ ನಾಸಿಕದ ಕಾರ್ಖಾನೆಯಿಂದ ಹೊರಬಂತು. ಹಿಂದೆ ಬರುವ ಅಜ್ಜ ಅಜ್ಜಿಯರಿಗೆ ಹೇಳಿ ಮಾಡಿಸಿದಂತಿತ್ತು. ಆದರೂ ನಿರೀಕ್ಷಿಸಿದಷ್ಟು ಓಡಲಿಲ್ಲ. ಚೌಕ ಚೌಕದ ರೂಪ ಒಂದು ಕಾರಣ. ಇನ್ನೊಂದು ಕಾರಣ ದಿಲ್ಲಿಯಲ್ಲಿತ್ತು.

2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಯಾವುದು? ಉದ್ದ 4 ಮೀಟರ್ ಮೀರಬಾರದು; ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. ಲೋಗನ್ ಉದ್ದ 4.25 ಮೀಟರ್ ಹತ್ತಿರ. ಅಂದರೆ ಒಂದು ಗೇಣಿನಷ್ಟು ಹೆಚ್ಚಿನ ಉದ್ದಕ್ಕಾಗಿ ಗಿರಾಕಿ ಪೂರಾ ಸುಂಕ ತೆರಬೇಕಾಯಿತು. ಅಗ್ಗವಾಗಲೆಂದೇ ಹುಟ್ಟಿದ ಕಾರು ಅಗ್ಗವಾಗಲಿಲ್ಲ. 2010ರಲ್ಲಿ ರೆನೋ ತನ್ನ ಪಾಲನ್ನು ಮಹೀಂದ್ರಕ್ಕೆ ಬಿಟ್ಟುಕೊಟ್ಟಿತು. ಮಾರನೆಯ ವರ್ಷ ಲೋಗನ್ ಹೆಸರು ವೆರಿಟೋ ಎಂದಾಯಿತು. 2013ರಲ್ಲಿ ಬಾಲ ಕತ್ತರಿಸಿ ನಾಲ್ಕು ಮೀಟರಿನೊಳಗೆ ತಂದ ವೆರಿಟೋ ವೈಬ್ ಬಂತು. ಬಾಡಿಗೆ ಟ್ಯಾಕ್ಸಿಗಳವರು ಮಾತ್ರ ಈ ಗಾಡಿಯ ಬೆಲೆ ಅರಿತಿದ್ದರು. ಹಿಂದೆ ಮೂವರು, ಡಿಕ್ಕಿಯಲ್ಲಿ ಸೂಟ್‌ಕೇಸು, ಕೈಗೆಟುಕುವ ಡೀಸೆಲ್ ಖರ್ಚು. ಅವರಿಗೆ ಬೇಕಾದ್ದು ಅಷ್ಟೇ.

ಕಾರಿನ ಮೈ, ಜೀಪಿನ ಎತ್ತರ

ಸೋತರೂ ರೆನೋ ಹೋಗಲಿಲ್ಲ. ನಿಸ್ಸಾನ್ ಜೊತೆಗೂಡಿ ಚೆನ್ನೈ ಬಳಿಯ ಒರಗಡಂನಲ್ಲಿ 2010ರಲ್ಲಿ ಕಾರ್ಖಾನೆ ತೆರೆಯಿತು. ಫ್ಲುಯೆನ್ಸ್, ಕೋಲಿಯೋಸ್, ಪಲ್ಸ್ ಎಂಬ ಕಾರುಗಳು ಬಂದವು. ಜನ ನೋಡಿದರು, ಮುಂದೆ ಹೋದರು. 2012ರ ಜುಲೈಯಲ್ಲಿ ಡಸ್ಟರ್ ಬಂದಾಗ ನಿಂತರು.

ಈ ಗಾಡಿಯ ಜಾತಿಗೆ ಕ್ರಾಸ್‌ಓವರ್ ಎಂದು ಹೆಸರು. ಹಾಗೆಂದರೇನು ಎಂದು ನನ್ನನ್ನು ಕೇಳಿದವರು ಹಲವರು. ಹಳೆಯ ಜೀಪಿನಲ್ಲಿ ಕೆಳಗೆ ಏಣಿಯಂಥ ಗಟ್ಟಿ ಉಕ್ಕಿನ ಚೌಕಟ್ಟು, ಅದರ ಮೇಲೆ ಮೈಯನ್ನು ಕೂರಿಸಿರುತ್ತಾರೆ. ಕಾರಿನಲ್ಲಿ ಚೌಕಟ್ಟೂ ಮೈಯೂ ಸೇರಿ ಒಂದೇ ಗೂಡು. ಜೀಪು ಗಟ್ಟಿ, ಆದರೆ ಭಾರ ಹೆಚ್ಚು, ಕುಲುಕಾಟವೂ ಹೆಚ್ಚು. ಕಾರು ಹಗುರ, ಮೆತ್ತಗೆ. ಆದರೆ ಹೊಟ್ಟೆ ನೆಲಕ್ಕೆ ಹತ್ತಿರ. ಕಾರಿನ ಗೂಡನ್ನೇ ಎತ್ತರಿಸಿ, ದೊಡ್ಡ ಚಕ್ರ ಹಾಕಿದರೆ ಅದು ಕ್ರಾಸ್‌ಓವರ್. ಡಸ್ಟರಿನ ತಳಹದಿ ಅದೇ ಲೋಗನ್ನಿನದು! ನೆಲದಿಂದ ಹೊಟ್ಟೆಗಿದ್ದ ಅಂತರ 205 ಮಿಲಿಮೀಟರ್.

ತಾಂಡೂರಿನಿಂದ ಸೇಡಂಗೆ ಹೋದವರಿಗೆ ಈ 205 ಮಿಲಿಮೀಟರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಆ ಭಾಗ ಸಿಮೆಂಟ್ ಕಾರ್ಖಾನೆಗಳ, ಹಾಸುಗಲ್ಲಿನ ಗಣಿಗಳ ಸೀಮೆ. ತುಂಬಿದ ಲಾರಿಗಳು ಓಡಿದ ರಸ್ತೆ ಮಳೆಗಾಲ ಮುಗಿಯುವ ಹೊತ್ತಿಗೆ ಹೇಗಿರುತ್ತದೆಂದು ಎಲ್ಲರೂ ಬಲ್ಲರು. ಎತ್ತರದಿಂದ ಇನ್ನೊಂದು ಲಾಭವೂ ಇದೆ. ತಗ್ಗಿನ ಕಾರಿನಲ್ಲಿ ವಯಸ್ಸಾದವರು ಕುಕ್ಕರಿಸಿ ಇಳಿಯಬೇಕು, ಜೀಪಿಗೆ ಏರಿ ಹತ್ತಬೇಕು. ಕ್ರಾಸ್‌ಓವರಿನ ಸೀಟು ಹೆಚ್ಚು ಕಡಿಮೆ ಸೊಂಟದ ಮಟ್ಟಕ್ಕಿರುವುದರಿಂದ ಪಕ್ಕಕ್ಕೆ ನಿಂತು ಕೂತರಾಯಿತು. ಮೊಣಕಾಲಿಗೆ ಇದು ದೊಡ್ಡ ಉಪಕಾರ.

ಡಸ್ಟರ್ ಶುರುವಿನ ಬೆಲೆ ದಿಲ್ಲಿಯಲ್ಲಿ ರೂ. 7.19 ಲಕ್ಷ ಇತ್ತು. 2013ರಲ್ಲಿ ಅದು ಭಾರತದ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಸಂಸಾರದ ಗಾಡಿಯಾಗಿ ಇಂಥದ್ದನ್ನು ಕೊಳ್ಳಬಹುದೆಂದು ದೇಶಕ್ಕೆ ತೋರಿಸಿಕೊಟ್ಟವುಗಳಲ್ಲಿ ಅದೂ ಒಂದು. ಆದರೆ ದಾರಿ ತೋರಿಸಿದವನೇ ಕೊನೆಯವರೆಗೂ ಮುಂದಿರುತ್ತಾನೆ ಎನ್ನಲಾಗದು. 2013ರಲ್ಲಿ ಫೋರ್ಡಿನ ಇಕೋಸ್ಪೋರ್ಟ್, 2015ರಲ್ಲಿ ಹ್ಯುಂಡೈಯ ಕ್ರೆಟಾ, 2016ರಲ್ಲಿ ಮಾರುತಿಯ ಬ್ರೆಜಾ ಬಂದವು. ಡಸ್ಟರಿನ ಮುಖ ಅಲ್ಲಲ್ಲಿ ತಿದ್ದಿದರೇ ಹೊರತು ಹೊಸ ಪೀಳಿಗೆಯನ್ನು ಇಲ್ಲಿಗೆ ತರಲಿಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ರೆನೋ ಭಾರತದಲ್ಲಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. 2022ರಲ್ಲಿ ಡಸ್ಟರ್ ಕೂಡ ನಿಂತಿತು.

ನಡುವೆ ಇನ್ನೊಂದು ಪ್ರಯತ್ನವೂ ನಡೆದಿತ್ತು. 2015ರ ಲಾಜಿ. ಅದೇ ಲೋಗನ್ ತಳಹದಿ, ಸುಮಾರು ನಾಲ್ಕೂವರೆ ಮೀಟರ್ ಉದ್ದ, ಏಳು ಅಥವಾ ಎಂಟು ಸೀಟು. ಸಂಸಾರಕ್ಕೆ ಯೋಗ್ಯವಾದ ಗಾಡಿ. ಆದರೆ ಇನ್ನೋವಾ 2005ರಿಂದ, ಎರ್ಟಿಗಾ 2012ರಿಂದ ಬೀದಿಯಲ್ಲಿ ಬೇರೂರಿದ್ದವು. ಲಾಜಿ ನಿಲ್ಲಲಿಲ್ಲ. ದೊಡ್ಡದಾಗಿ ಮಾಡಿದರೆ ಸುಂಕ, ಸಣ್ಣದಾಗಿ ಮಾಡಿದರೆ ಇಕ್ಕಟ್ಟು. ಏಳು ಜನರ ಲೆಕ್ಕ ಹಾಗೆಯೇ ಉಳಿಯಿತು.

ನಕ್ಷತ್ರಗಳ ಪಾಠ

ಅದೇ 2015ರ ಸೆಪ್ಟೆಂಬರಿನಲ್ಲಿ ಕ್ವಿಡ್ ಬಂತು. ಬೆಲೆ ರೂ. 2.57 ಲಕ್ಷದಿಂದ. 799 ಸಿಸಿ ಎಂಜಿನ್, ಆದರೂ 180 ಮಿಲಿಮೀಟರ್ ಎತ್ತರ, ಪುಟ್ಟ ಜೀಪಿನ ಠೀವಿ. ಈ ಯೋಜನೆಯ ನೇತೃತ್ವ ವಹಿಸಿದವರು ಲೋಗನ್ ಪರಂಪರೆಯ ಎಂಜಿನಿಯರ್ ಜೆರಾರ್ ಡೆಟೂರ್ಬೆ. ಬಿಡಿಭಾಗಗಳಲ್ಲಿ ಬಹುಪಾಲನ್ನು ಇಲ್ಲಿಯೇ ಮಾಡಿಸಿ ಬೆಲೆ ತಗ್ಗಿಸಿದರು. ಮೋಟರ್‌ಸೈಕಲ್ ಬಿಟ್ಟು ಕಾರಿಗೆ ಬರುತ್ತಿದ್ದ ಸಾವಿರಾರು ಸಂಸಾರಗಳಿಗೆ ಅದು ಮೊದಲ ಗಾಡಿಯಾಯಿತು.

ಆದರೆ 2016ರ ಮೇ ತಿಂಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕ್ವಿಡ್ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ತಿದ್ದುಪಡಿಯ ನಂತರ ಒಂದು ನಕ್ಷತ್ರ ಬಂತು. 2017ರಲ್ಲಿ ಗಾಳಿಚೀಲ ಇಲ್ಲದ ಡಸ್ಟರಿಗೂ ಸೊನ್ನೆ. ಗಾಳಿಚೀಲ ಇದ್ದ ಅದೇ ಗಾಡಿಗೆ ಮೂರು. ಒಂದು ಚೀಲದ ಇರವು ಇಲ್ಲದಿರವು ಇಷ್ಟು ವ್ಯತ್ಯಾಸ ಮಾಡುತ್ತದೆ. ಆಗ ನಮ್ಮ ದೇಶದಲ್ಲಿ ಅನೇಕ ಕಂಪನಿಗಳ ಅಗ್ಗದ ಕಾರುಗಳ ಸ್ಥಿತಿ ಇದೇ ಆಗಿತ್ತು. ಗಿರಾಕಿ ಕೇಳಲಿಲ್ಲ, ಕಂಪನಿ ಕೊಡಲಿಲ್ಲ. ಎಷ್ಟು ಮೈಲೇಜು ಎಂದು ಕೇಳಿದ ನಾವೇ ಎಷ್ಟು ನಕ್ಷತ್ರ ಎಂದು ಕೇಳಿರಲಿಲ್ಲ.

ಮುಂದೆ ಕಾನೂನು ಬಿಗಿಯಾಯಿತು. 2019ರ ಅಕ್ಟೋಬರ್ ಹೊತ್ತಿಗೆ ಮಾರಾಟದಲ್ಲಿರುವ ಎಲ್ಲ ಕಾರುಗಳೂ ಡಿಕ್ಕಿ ಪರೀಕ್ಷೆಯ ಕನಿಷ್ಠ ಮಟ್ಟ ದಾಟಲೇಬೇಕಾಯಿತು. 2021ರ ಏಪ್ರಿಲಿನಿಂದ ಹೊಸ ಮಾದರಿಗಳಲ್ಲಿ ಮುಂದಿನ ಎರಡೂ ಸೀಟಿಗೆ ಗಾಳಿಚೀಲ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂತು.

ಲೆಕ್ಕ ಕೂಡಿತು

2019ರ ಆಗಸ್ಟಿನಲ್ಲಿ ರೆನೋ ಟ್ರೈಬರ್ ಎಂಬ ಗಾಡಿಯನ್ನು ತಂದಿತು. ಉದ್ದ 3990 ಮಿಲಿಮೀಟರ್. ಅಂದರೆ ಸರ್ಕಾರದ ಗೆರೆಗೆ ಒಂದು ಸೆಂಟಿಮೀಟರ್ ಕಡಿಮೆ. ಎಂಜಿನ್ 999 ಸಿಸಿ. ಒಳಗೆ ಏಳು ಸೀಟು. ಶುರುವಿನ ಬೆಲೆ ರೂ. 4.95 ಲಕ್ಷ. ಲೋಗನ್ ಸೋತ ಜಾಗದಲ್ಲಿಯೇ ಇದು ಹೊಕ್ಕಿತು.

ಹೇಗೆ ಸಾಧ್ಯವಾಯಿತು? ಮೂಗು ಗಿಡ್ಡ, ಚಾವಣಿ ಎತ್ತರ, ಚಕ್ರಗಳನ್ನು ಆದಷ್ಟು ನಾಲ್ಕು ಮೂಲೆಗೆ ದೂಡಿದ್ದಾರೆ. ನಡುವಿನ ಸಾಲು ಹಿಂದೆ ಮುಂದೆ ಸರಿಯುತ್ತದೆ, ಬೆನ್ನು ಒರಗುತ್ತದೆ, ಮಡಚುತ್ತದೆ. ಮೂರನೆಯ ಸಾಲಿನ ಎರಡು ಸೀಟುಗಳನ್ನು ಒಂದೊಂದಾಗಿ ಎತ್ತಿ ಮನೆಯಲ್ಲಿಡಬಹುದು. ಎಲ್ಲರೂ ಕೂತಾಗ ಹಿಂದೆ ಉಳಿಯುವುದು 84 ಲೀಟರ್ ಜಾಗ, ಎರಡು ಕೈಚೀಲದಷ್ಟು. ಹಿಂದಿನ ಸೀಟುಗಳನ್ನು ತೆಗೆದರೆ 625 ಲೀಟರ್. 1961ರ ರೆನೋ 4, 1965ರ ರೆನೋ 16, 1984ರ ಎಸ್ಪಾಸ್ ಇವುಗಳ ಸೂತ್ರವೇ ಇಲ್ಲಿ ನಾಲ್ಕು ಮೀಟರಿನೊಳಗೆ ಮಡಚಿ ಕೂತಿದೆ.

ಇದರಲ್ಲಿ ಕೊರತೆ ಇಲ್ಲವೆಂದಲ್ಲ. 72 ಅಶ್ವಶಕ್ತಿಯ ಎಂಜಿನ್ ಏಳು ಜನರನ್ನು ಹೊತ್ತು, ಎಸಿ ಹಾಕಿಕೊಂಡು ಘಾಟಿ ಏರಬೇಕಾದಾಗ ಚಾಲಕನಿಗೆ ತಾಳ್ಮೆ ಬೇಕು. ಏಳು ಜನ ಮತ್ತು ಏಳು ಜನರ ಗಂಟುಮೂಟೆ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. ಸುರಕ್ಷತೆಯಲ್ಲಿ 2021ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆ ದೊಡ್ಡವರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಕೊಟ್ಟಿತು. ಕ್ವಿಡ್‌ನ ಸೊನ್ನೆಯಿಂದ ಐದು ವರ್ಷಗಳಲ್ಲಿ ಇದು ದೊಡ್ಡ ಜಿಗಿತ. ಆದರೆ 2022ರ ಮಧ್ಯದಿಂದ ಆ ಪರೀಕ್ಷೆಯ ನಿಯಮಗಳು ಹೆಚ್ಚು ಕಠಿಣವಾದವು. ಆದ್ದರಿಂದ ಹಳೆಯ ನಾಲ್ಕು ನಕ್ಷತ್ರವನ್ನು ಹೊಸ ನಾಲ್ಕು ನಕ್ಷತ್ರದ ಪಕ್ಕದಲ್ಲಿಟ್ಟು ತೂಗಬಾರದು. 2025ರ ಜುಲೈಯಲ್ಲಿ ತಿದ್ದಿದ ಟ್ರೈಬರ್ ಬಂದಾಗ ಆರು ಗಾಳಿಚೀಲಗಳನ್ನು ಎಲ್ಲ ದರ್ಜೆಗಳಿಗೂ ಕೊಟ್ಟರು. ಅದೇ ತಳಹದಿಯ ಐದು ಸೀಟಿನ ಕೈಗರ್ 2021ರಲ್ಲಿ ಬಂದಿತ್ತು.

ನಾಲ್ಕು ಮೀಟರಿನ ಗೆರೆಯ ಮಹತ್ವ ಈಗಲೂ ಕಡಿಮೆಯಾಗಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಗೆರೆಯೊಳಗಿನ ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇಕಡ 18, ಗೆರೆ ದಾಟಿದವುಗಳಿಗೆ ಶೇಕಡ 40 ಎಂದಾಯಿತು. ಅದೇ ವರ್ಷ ಚೆನ್ನೈ ಕಾರ್ಖಾನೆಯಲ್ಲಿ ನಿಸ್ಸಾನ್‌ಗಿದ್ದ ಪಾಲನ್ನೂ ರೆನೋ ತಾನೇ ಕೊಂಡಿತು, ಡಸ್ಟರ್ ಹೆಸರನ್ನು ಭಾರತಕ್ಕೆ ಮತ್ತೆ ತರುವುದಾಗಿಯೂ ಸಾರಿತು.

ಅತ್ತ ಯೂರೋಪಿನಲ್ಲಿ ಗಾಳಿ ಬೇರೆ ಕಡೆಗೆ ಬೀಸಿದೆ. ಸಂಸಾರಗಳು ವ್ಯಾನಿನಂಥ ಗಾಡಿ ಬಿಟ್ಟು ಕ್ರಾಸ್‌ಓವರಿನ ಕಡೆ ವಾಲಿದವು. 2013ರಲ್ಲಿ ಕಾಪ್ಟರ್, 2015ರಲ್ಲಿ ಕಾಜಾರ್, 2022ರಲ್ಲಿ ಆಸ್ಟ್ರಾಲ್ ಬಂದವು. ಎಸ್ಪಾಸ್ ತಾನೇ ಕ್ರಾಸ್‌ಓವರ್ ಆಗಿಬಿಟ್ಟಿತು. ಸೆನಿಕ್ ಹೆಸರು ಈಗ ಬ್ಯಾಟರಿಯಿಂದ ಓಡುವ ಐದು ಸೀಟಿನ ಗಾಡಿಯ ಮೇಲಿದೆ. ಅದು 2024ರ ಯೂರೋಪಿನ ವರ್ಷದ ಕಾರು. ಏಳು ಜನರನ್ನು ಚಿಕ್ಕ ಗಾಡಿಯಲ್ಲಿ ಕೂರಿಸುವ ಎಸ್ಪಾಸಿನ ಹಳೆಯ ಕಸುಬು ನಮ್ಮ ಚೆನ್ನೈಯಲ್ಲಿ ಮುಂದುವರಿಯುತ್ತಿದೆ ಎನ್ನುವುದು ನನಗೆ ಸೋಜಿಗ.

ಕೊಳ್ಳುವವರಿಗೆ ಎರಡು ಮಾತು

ನಾವು ಕೊನೆಗೆ ಕೊಂಡದ್ದು ಯಾವ ಗಾಡಿ ಎಂದು ಹೇಳಿದರೆ ಈ ಲೇಖನ ಜಾಹೀರಾತಾದೀತು. ಏಳು ಸೀಟಿನದು ಎಂದಷ್ಟೇ ತಿಳಿಯಿರಿ. ಆದರೆ ಹುಡುಕಾಟದಲ್ಲಿ ಕಲಿತದ್ದನ್ನು ಹೇಳಬಲ್ಲೆ.

ಶೋರೂಮಿಗೆ ಮಗ ಒಬ್ಬನೇ ಹೋಗಿ ಬರಬಾರದು, ಮನೆಮಂದಿಯೆಲ್ಲ ಹೋಗಬೇಕು. ಹಿರಿಯರು ಹತ್ತಿ ಇಳಿದು ನೋಡಲಿ. ನನ್ನ ತಾಯಿ ನಾಲ್ಕು ಗಾಡಿ ಹತ್ತಿ ಇಳಿದು, ಐದನೆಯದರಲ್ಲಿ ಕೂತು, "ಇದರಾಗ ಏರೋದೂ ಇಲ್ಲ, ಇಳಿಯೋದೂ ಇಲ್ಲ" ಎಂದಳು. ಯಾವ ಪುಸ್ತಕದಲ್ಲೂ ಸಿಗದ ತೀರ್ಪು ಅದು. ಮೂರನೆಯ ಸಾಲಿನಲ್ಲಿ ಅಲ್ಲಿ ಕೂರುವವರೇ ಹತ್ತು ನಿಮಿಷ ಕೂತು ನೋಡಲಿ. ಎಷ್ಟು ನಕ್ಷತ್ರ ಎಂದು ಕೇಳುವುದರ ಜೊತೆಗೆ ಯಾವ ವರ್ಷದ ಪರೀಕ್ಷೆ ಎಂದೂ ಕೇಳಿ. ಊರಿನ ಕಡೆ ಎಷ್ಟು ದೂರದಲ್ಲಿ ರಿಪೇರಿ ಕೇಂದ್ರವಿದೆ ಎಂದು ವಿಚಾರಿಸಿ. ಮಾದರಿಗಳು ನಿಂತುಹೋಗುತ್ತವೆ, ಗಾಡಿ ನಿಮ್ಮ ಮನೆಯಲ್ಲಿ ಹತ್ತು ವರ್ಷ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಷ್ಟು ಸೀಟು ಇವೆಯೋ ಅಷ್ಟೇ ಜನ, ಪ್ರತಿಯೊಬ್ಬರಿಗೂ ಬೆಲ್ಟು. ಬಂಡಿಯಲ್ಲಿ ಒತ್ತಿ ಕೂತ ಹಾಗೆ ಕಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಎತ್ತಿನ ವೇಗದಲ್ಲಿ ಅದು ನಡೆಯಿತು, ಗಂಟೆಗೆ ಎಂಬತ್ತರ ವೇಗದಲ್ಲಿ ನಡೆಯದು. 2025ರ ನವೆಂಬರಿನಲ್ಲಿ ಚೇವೆಳ್ಳ ಬಳಿ ಬಸ್ಸಿಗೆ ಜಲ್ಲಿಯ ಟಿಪ್ಪರ್ ಗುದ್ದಿ ಎಷ್ಟೋ ಮನೆಗಳ ದೀಪ ಆರಿತು. ನಾವು ಊರಿಗೆ ಹೋಗುವುದೂ ಅದೇ ರಸ್ತೆಯಲ್ಲಿ. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಬೆಲ್ಟಿನ ಬಗ್ಗೆ ಇದ್ದ ತಕರಾರೆಲ್ಲ ಮುಗಿಯಿತು.

ಈಗ ನಮ್ಮ ಮನೆಯ ಲೆಕ್ಕ ಹೀಗಿದೆ. ಮಗ ಚಾಲಕ, ಪಕ್ಕದಲ್ಲಿ ನಾನು. ನಡುವಿನ ಸಾಲಿನಲ್ಲಿ ಎಡಬಾಗಿಲಿಗೆ ಅವ್ವ, ನಡುವೆ ನನ್ನಾಕೆ, ಬಲಕ್ಕೆ ಬೂಸ್ಟರ್ ಸೀಟಿನ ಮೇಲೆ ಮೊಮ್ಮಗಳು. ಹಿಂದೆ ಸೊಸೆ ಮತ್ತು ಮಗಳು. ರೊಟ್ಟಿಯ ಗಂಟು, ಭಜ್ಜಿಯ ಡಬ್ಬಿ ಅವರಿಬ್ಬರ ಕಾಲ ಬಳಿ. ಮೆಹದಿಪಟ್ಣಂ ದಾಟಿ, ಚೇವೆಳ್ಳದ ಆಲದ ಮರಗಳ ಕೆಳಗೆ ಹಾದು, ವಿಕಾರಾಬಾದು, ತಾಂಡೂರು ದಾಟಿ ಹೋದೆವು. ಹೊಲದ ಬದುವಿನ ಬಳಿ ಗಾಡಿ ನಿಂತಾಗ ಅವ್ವ ಯಾರ ಕೈಯೂ ಹಿಡಿಯದೆ ಕೆಳಗಿಳಿದಳು. ತೊಗರಿ, ಬಿಳಿಜೋಳದ ಬೆಳೆಯನ್ನು ಒಂದು ಗಳಿಗೆ ನೋಡುತ್ತ ನಿಂತು, ನಮ್ಮನ್ನೆಲ್ಲ ಎಣಿಸಿ ಅಂದಳು: "ಒಂದ ಬಂಡಿ ಮಂದಿ, ಒಂದ ಬಂಡ್ಯಾಗ ಬಂದೀವಿ ನೋಡು."